ಸೈಟು ಒಂದೇ ಅಳತೆ, ಬೆಲೆ ಎರಡು: ದಾವಣಗೆರೆಯ ಸೀಸನ್‌ನಲ್ಲಿ ಮನೆ ಕೊಳ್ಳುವವರ ಲೆಕ್ಕ

ಆಸ್ತಿ ನೋಂದಣಿಯ ನಿಯಮಗಳು ಒಂದರ ಹಿಂದೆ ಒಂದು ಬದಲಾಗಿವೆ. 2024ರ ಅಕ್ಟೋಬರ್‌ನಿಂದ ಇ-ಖಾತಾ (ಸ್ವತ್ತಿನ ಕಂದಾಯ ಲೆಕ್ಕದ ಆನ್‌ಲೈನ್ ದಾಖಲೆ) ಇಲ್ಲದೆ ಕ್ರಯಪತ್ರ ನೋಂದಣಿ ಆಗುವುದಿಲ್ಲ ಎಂದಾಯಿತು. 2025ರ ಫೆಬ್ರವರಿಯಲ್ಲಿ ಅನಧಿಕೃತ ಬಡಾವಣೆಗಳ ಸ್ವತ್ತಿಗೂ ಬಿ ಖಾತಾ ಕೊಡುವ ಅಭಿಯಾನ ಶುರುವಾಯಿತು. ಅದೇ ವರ್ಷ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ರಿಂದ 2%ಗೆ ಏರಿತು. ಪೇಪರಿನಲ್ಲಿ ಇವು ಮೂರು ಬೇರೆ ಬೇರೆ ಸುದ್ದಿಗಳಾಗಿ ಬಂದವು. ಮನೆ ಹುಡುಕಲು ಹೊರಟವರಿಗೆ ಮೂರೂ ಒಟ್ಟಿಗೆ ಎದುರಾಗುತ್ತಿವೆ.

ದಾವಣಗೆರೆಯ ರಿಂಗ್ ರಸ್ತೆ ದಾಟಿದ ಮೇಲೆ ಅಕ್ಕಪಕ್ಕದ ಎರಡು ಬಡಾವಣೆಗಳಲ್ಲಿ 30×40 ಸೈಟು ಕೇಳಿ ನೋಡಿ. ಅಳತೆ ಅದೇ, ರಸ್ತೆ ಅದೇ, ದಿಕ್ಕೂ ಅದೇ. ಬೆಲೆ ಮಾತ್ರ ಬೇರೆ. ಕಮ್ಮಿ ಬೆಲೆಯದ್ದನ್ನು ತೋರಿಸಿ ಬ್ರೋಕರ್ ಹೇಳುವುದು ಒಂದೇ ಮಾತು: "ಖಾತಾ ಮುಂದೆ ಆಗುತ್ತೆ ಸಾರ್, ಈ ರೇಟು ಮುಂದೆ ಸಿಗಲ್ಲ."

ಈ ಮಾತಿನ ಎರಡು ಭಾಗಗಳನ್ನೂ ಬಿಡಿಸಿ ನೋಡಬೇಕು. ಯಾಕೆಂದರೆ ನಮ್ಮ ಊರಿನ ಮನೆ ಮಾರುಕಟ್ಟೆಯಲ್ಲಿ ಪೈಪೋಟಿ ನಡೆಯುವುದು ಹಣಕ್ಕಿಂತ ಜಾಸ್ತಿ ಸಮಯದ ಮೇಲೆ. ಮಾರುವವರಿಗೆ ಅವಸರವೇ ಬಲ. ಕೊಳ್ಳುವವರಿಗೆ ಬಲ ಬರುವುದು ಕಾಗದ ಮೊದಲೇ ನೋಡಿಟ್ಟುಕೊಂಡಿದ್ದರೆ ಮಾತ್ರ.

ಸೀಸನ್ ಹುಟ್ಟುವುದು ಎಲ್ಲಿಂದ

ದಾವಣಗೆರೆಯ ಸೀಸನ್‌ಗೆ ಮೂರು ಬೇರುಗಳಿವೆ. ಮೊದಲನೆಯದು ಬೆಳೆ. ಚನ್ನಗಿರಿ ಕಡೆ ಅಡಿಕೆ ಕೊಯ್ಲು ಮುಗಿದು ದುಡ್ಡು ಕೈಗೆ ಬರುವುದು ವರ್ಷದ ಕೊನೆಗೆ. ಮೆಕ್ಕೆಜೋಳದ ದುಡ್ಡೂ ಹೆಚ್ಚು ಕಮ್ಮಿ ಅದೇ ಹೊತ್ತಿಗೆ. ಭದ್ರಾ ನೀರು ಬಂದ ವರ್ಷ ಹರಿಹರ, ಹೊನ್ನಾಳಿ ಕಡೆಯ ಬೇಸಿಗೆ ಭತ್ತದ ಹಣ ಮೇ-ಜೂನ್‌ನಲ್ಲಿ ಸೇರುತ್ತದೆ. ಊರಲ್ಲಿ ಜಮೀನು ಇಟ್ಟುಕೊಂಡೇ ಮಕ್ಕಳ ಓದಿಗೆ ದಾವಣಗೆರೆಯಲ್ಲಿ ಮನೆ ಮಾಡುವವರು ಇಲ್ಲಿ ಬಹಳ. ಅವರ ಖರೀದಿ ಸಂಬಳದ ತಾರೀಖು ನೋಡುವುದಿಲ್ಲ, ಮಂಡಿಯ ರೇಟು ನೋಡುತ್ತದೆ.

ಎರಡನೆಯದು ಶಾಲೆ ಕಾಲೇಜು. ಇದು ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳ ಊರು. ಜೂನ್‌ಗೆ ಮೊದಲು ಸೇರಿಕೊಂಡುಬಿಡಬೇಕು ಅನ್ನುವ ಒತ್ತಡ ಏಪ್ರಿಲ್‌ನಿಂದಲೇ ಶುರು. ಸರ್ಕಾರಿ ನೌಕರರ ವರ್ಗಾವಣೆಯೂ ಸಾಮಾನ್ಯವಾಗಿ ಅದೇ ಹೊತ್ತಿಗೆ ಬರುತ್ತದೆ. ವಿದ್ಯಾನಗರ, ಎಂ.ಸಿ.ಸಿ. ಬಿ ಬ್ಲಾಕ್, ಆಂಜನೇಯ ಬಡಾವಣೆ ಕಡೆ ಬಾಡಿಗೆ ಬೋರ್ಡು ನೇತುಹಾಕಿದ ವಾರದೊಳಗೆ ಇಳಿಯುವುದು ಈ ದಿನಗಳಲ್ಲೇ.

ಮೂರನೆಯದು ಪಂಚಾಂಗ. ಯುಗಾದಿಯಿಂದ ಅಕ್ಷಯ ತದಿಗೆವರೆಗೆ ಮಾತುಕತೆ ಜೋರು. ಆಷಾಢ ಬಂದರೆ ಪೇಟೆ ತಣ್ಣಗೆ. ಶ್ರಾವಣದಲ್ಲಿ ಮತ್ತೆ ಚುರುಕು, ಪಿತೃಪಕ್ಷದಲ್ಲಿ ವಿರಾಮ, ದಸರಾ-ದೀಪಾವಳಿಗೆ ಮತ್ತೆ ಓಡಾಟ, ಧನುರ್ಮಾಸದಲ್ಲಿ ಮತ್ತೆ ನಿಲುಗಡೆ.

ಹೀಗಾಗಿ ವರ್ಷವಿಡೀ ಹರಡಬೇಕಾದ ಕೊಳ್ಳುವವರು ಕೆಲವೇ ತಿಂಗಳಲ್ಲಿ ಒಟ್ಟಿಗೆ ಬೀಳುತ್ತಾರೆ. ಮಾರಾಟಕ್ಕಿರುವ ಮನೆಗಳೇನೂ ಆ ತಿಂಗಳಲ್ಲಿ ದುಪ್ಪಟ್ಟಾಗುವುದಿಲ್ಲ. ಒಂದೇ ಮನೆಗೆ ಮೂವರು ಬಂದಾಗ ಮಾಲೀಕರು ದರ ಏರಿಸುವುದು ಸಹಜ. ಅದಕ್ಕಿಂತ ಅಪಾಯದ್ದು ಇನ್ನೊಂದಿದೆ. "ನಾಳೆ ಬೆಳಗ್ಗೆ ಅಡ್ವಾನ್ಸ್ ಕೊಟ್ಟರೆ ನಿಮಗೆ, ಇಲ್ಲ ಅಂದ್ರೆ ಅವರಿಗೆ" ಎಂಬ ಮಾತು ಬಂದ ಕೂಡಲೇ ಕಾಗದ ನೋಡುವ ಕೆಲಸ ಅಡ್ವಾನ್ಸ್‌ನ ನಂತರಕ್ಕೆ ಹೋಗುತ್ತದೆ. ಅಡ್ವಾನ್ಸ್ ಕೊಟ್ಟವರ ಕಣ್ಣಿಗೆ ಕಾಗದದ ಕೊರತೆ ಸಣ್ಣದಾಗಿ ಕಾಣುತ್ತದೆ.

ಇ-ಖಾತಾ ಬಂದು ಬದಲಾದದ್ದೇನು

ಖಾತಾ ಅಂದರೆ ಆಸ್ತಿಯ ಹಕ್ಕುಪತ್ರ ಅಲ್ಲ. ಈ ಸ್ವತ್ತಿನ ಕಂದಾಯ ಯಾರ ಹೆಸರಲ್ಲಿ ಬರಬೇಕು ಎಂದು ಪಾಲಿಕೆ ಇಟ್ಟುಕೊಳ್ಳುವ ಲೆಕ್ಕ ಅದು. ಹಕ್ಕು ಬರುವುದು ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳಿಂದ. ಆದರೂ ಈಗ ಖಾತಾಕ್ಕೆ ಇಷ್ಟು ಮಹತ್ವ ಬಂದದ್ದಕ್ಕೆ ಕಾರಣ ಇದೆ.

ಹಿಂದೆ ಕೈಬರಹದ ಖಾತಾ ನಕಲು ಹಿಡಿದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬಹುದಿತ್ತು. ಒಂದೇ ಸೈಟನ್ನು ಇಬ್ಬರಿಗೆ ಮಾರುವುದು, ಪಾರ್ಕಿಗೆ ಬಿಟ್ಟ ಜಾಗಕ್ಕೆ ನಂಬರು ಹಾಕಿ ಮಾರುವುದು ಇಂಥ ಕಾಗದಗಳ ಬಲದ ಮೇಲೆ ನಡೆಯುತ್ತಿತ್ತು. ಈಗ ನಗರದ ಸ್ವತ್ತಾದರೆ ಇ-ಆಸ್ತಿ, ಗ್ರಾಮ ಪಂಚಾಯಿತಿಯದ್ದಾದರೆ ಇ-ಸ್ವತ್ತು ತಂತ್ರಾಂಶದಿಂದ ಮಾಹಿತಿ ನೋಂದಣಿ ಇಲಾಖೆಯ ಕಾವೇರಿ 2.0ಕ್ಕೆ ನೇರವಾಗಿ ಬರಬೇಕು. ಅಲ್ಲಿ ಸ್ವತ್ತು ಕಾಣದಿದ್ದರೆ ನೋಂದಣಿ ಮುಂದೆ ಹೋಗುವುದಿಲ್ಲ.

ಇದರ ಪರಿಣಾಮ ಮಾರುಕಟ್ಟೆ ಮೇಲೆ ಹೀಗಾಯಿತು. ತಂದೆಯ ಹೆಸರಿನಲ್ಲೇ ಖಾತಾ ಉಳಿದಿರುವ, ಅಳತೆ ಒಂದು ಕಡೆ 1,200 ಇನ್ನೊಂದು ಕಡೆ 1,150 ಚದರಡಿ ಎಂದಿರುವ, ಕಂದಾಯ ಬಾಕಿ ಇರುವ ಮನೆಗಳು ಇದ್ದಕ್ಕಿದ್ದಂತೆ "ಈಗಲೇ ಮಾರಲಾಗದ" ಮನೆಗಳಾದವು. ಹಳೇ ದಾವಣಗೆರೆಯ, ಪಿ.ಜೆ. ಬಡಾವಣೆಯ ಎಷ್ಟೋ ಹಳೆಯ ಮನೆಗಳಲ್ಲಿ ಹಕ್ಕು ಗಟ್ಟಿ ಇದ್ದರೂ ಕಾಗದ ಹಳತು. ಕಾಗದ ತಯಾರಿರುವ ಮನೆಗಳ ಸಂಖ್ಯೆ ಕಮ್ಮಿ. ಸೀಸನ್‌ನಲ್ಲಿ ಎಲ್ಲರೂ ಅವುಗಳ ಹಿಂದೆಯೇ ಬೀಳುತ್ತಾರೆ. ಹಾಗಾಗಿ ಇ-ಖಾತಾ ಕೈಯಲ್ಲಿರುವ ಮನೆಗೆ ಹೆಚ್ಚು ದರ ಕೇಳುತ್ತಿದ್ದಾರೆ ಅಂದರೆ ಅದು ಪೂರ್ತಿ ದುರಾಸೆಯಲ್ಲ. ಕಾಗದ ಸರಿಮಾಡಿಸುವ ಖರ್ಚು, ತಿರುಗಾಟ, ಕಾಯುವ ತಿಂಗಳುಗಳು ಆ ದರದೊಳಗೆ ಸೇರಿವೆ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಕೊಳ್ಳುವವರಿಗೂ ಒಂದು ದಾರಿ ಕಾಣುತ್ತದೆ. ಹಕ್ಕು ಸರಿಯಿದ್ದು ಖಾತಾ ಮಾತ್ರ ಆಗಬೇಕಿರುವ ಮನೆ ಬೇರೆ. ಹಕ್ಕೇ ಸರಿಯಿಲ್ಲದ ಮನೆ ಬೇರೆ. ಪೇಟೆಯಲ್ಲಿ ಎರಡಕ್ಕೂ ಬೆಲೆ ಇಳಿದಿರುತ್ತದೆ. ಮೊದಲನೆಯದರಲ್ಲಿ ಕಾದರೆ ಲಾಭ ಇದೆ, ಎರಡನೆಯದರಲ್ಲಿ ಎಷ್ಟು ಕಾದರೂ ಇಲ್ಲ. ಇವೆರಡರ ವ್ಯತ್ಯಾಸ ಹೇಳುವುದು ಬ್ರೋಕರ್ ಕೆಲಸ ಅಲ್ಲ, ವಕೀಲರ ಕೆಲಸ.

ಬಿ ಖಾತಾ: ಮೂರು ವಾದಗಳು

ನಕ್ಷೆ ಪಾಸಾದ ಬಡಾವಣೆಗಳ ಸ್ವತ್ತಿಗೆ ಎ ಖಾತಾ. ನಕ್ಷೆ ಅನುಮೋದನೆ ಇಲ್ಲದ ಬಡಾವಣೆಗಳ ಸ್ವತ್ತುಗಳು ಬಿ ಖಾತಾ ಗುಂಪಿಗೆ ಬರುತ್ತವೆ. ನಮ್ಮ ಊರಲ್ಲಿ ಇವನ್ನು ರೆವಿನ್ಯೂ ಸೈಟು ಅನ್ನುತ್ತಾರೆ. ಹೊಲವನ್ನು ಭೂಪರಿವರ್ತನೆ ಮಾಡಿಸದೆ, ಅಥವಾ ಮಾಡಿಸಿದರೂ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದಿಂದ, ಅಂದರೆ ದೂಡಾದಿಂದ, ಬಡಾವಣೆ ನಕ್ಷೆ ಪಾಸು ಮಾಡಿಸದೆ, ಕಲ್ಲು ನೆಟ್ಟು ಮಾರಿದ ಸೈಟುಗಳು. 2025ರ ಅಭಿಯಾನದಲ್ಲಿ 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿಯಾದ ಇಂಥ ಸ್ವತ್ತುಗಳಿಗೆ ಒಂದು ಬಾರಿಯ ಅವಕಾಶವಾಗಿ ಬಿ ಖಾತಾ ಕೊಡುವುದೆಂದು ಸರ್ಕಾರ ಹೇಳಿತು.

ಸರ್ಕಾರದ ವಾದ ಸರಳ. ಜನ ಮನೆ ಕಟ್ಟಿ ವಾಸ ಇದ್ದಾರೆ, ರಸ್ತೆ, ನೀರು, ಬೀದಿ ದೀಪ ಬಳಸುತ್ತಿದ್ದಾರೆ, ಕಂದಾಯ ಮಾತ್ರ ಬರುತ್ತಿಲ್ಲ. ಅವರನ್ನು ಲೆಕ್ಕದೊಳಗೆ ತರೋಣ, ಹೊಸ ಅನಧಿಕೃತ ಬಡಾವಣೆಗೆ ಬಾಗಿಲು ಹಾಕೋಣ ಅನ್ನುವುದು.

ಸೈಟು ಇಟ್ಟುಕೊಂಡವರ ವಾದ ಬೇರೆ. ದುಡ್ಡು ಕೊಟ್ಟು, ಮುದ್ರಾಂಕ ಶುಲ್ಕ ಕಟ್ಟಿ, ಸರ್ಕಾರದ ಕಚೇರಿಯಲ್ಲೇ ನೋಂದಣಿ ಮಾಡಿಸಿದ್ದೇವೆ. ಆಗ ಸುಮ್ನೆ ಇದ್ದು ಈಗ ಅನಧಿಕೃತ ಅಂದರೆ ಹೇಗೆ? ಇದರಲ್ಲಿ ನ್ಯಾಯ ಇಲ್ಲ ಅನ್ನಲಾಗದು. ಅವರಲ್ಲಿ ಹೆಚ್ಚಿನವರು ಹೊಲವನ್ನು ಸೈಟು ಮಾಡಿ ಮಾರಿದವರಲ್ಲ, ಕೊನೆಗೆ ಕೊಂಡವರು.

ನಿಯಮದಂತೆ ಬಡಾವಣೆ ಮಾಡಿದವರ ಮತ್ತು ನಗರ ಯೋಜನೆ ಬಲ್ಲವರ ವಾದ ಮೂರನೆಯದು. ಪಾಸಾದ ಬಡಾವಣೆಯಲ್ಲಿ ಪಾರ್ಕಿಗೆ, ಸಾರ್ವಜನಿಕ ಕಟ್ಟಡಕ್ಕೆ, ರಸ್ತೆಗೆ ಜಾಗ ಬಿಟ್ಟುಕೊಡಬೇಕು. ಚರಂಡಿ, ಒಳಚರಂಡಿ, ಕರೆಂಟು ಮಾಡಿ ತೋರಿಸಬೇಕು. ಕಾಮಗಾರಿ ಮುಗಿದಂತೆ ಹಂತ ಹಂತವಾಗಿ ಸೈಟು ಬಿಡುಗಡೆ. ಇಷ್ಟೆಲ್ಲ ಖರ್ಚು ಮಾಡಿದವರೂ ಮಾಡದವರೂ ಕೊನೆಗೆ ಒಂದೇ ಸಾಲಿಗೆ ಬಂದರೆ, ನಾಳೆ ನಿಯಮ ಪಾಲಿಸುವವರು ಯಾರು?

ಕೊಳ್ಳುವವರಿಗೆ ಮುಖ್ಯವಾದದ್ದು ಬಿ ಖಾತಾದಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದು. ಕಂದಾಯ ಕಟ್ಟಬಹುದು, ನೋಂದಣಿಗೆ ದಾರಿ ಆಗುತ್ತದೆ. ಅಷ್ಟರಿಂದ ಬಡಾವಣೆ ಸಕ್ರಮ ಆಗುವುದಿಲ್ಲ. ಕಟ್ಟಡ ಪರವಾನಗಿ, ಬ್ಯಾಂಕ್ ಸಾಲ ಎರಡರಲ್ಲೂ ತೊಡಕು ಬರುತ್ತದೆ. "ಮುಂದೆ ಎ ಖಾತಾ ಆಗುತ್ತೆ" ಎಂಬ ಭರವಸೆಗೆ ಬೆಲೆ ಕಟ್ಟುವ ಮೊದಲು ಅಕ್ರಮ-ಸಕ್ರಮದ, ಅಂದರೆ ನಿಯಮ ಮೀರಿದ ಕಟ್ಟಡ, ಬಡಾವಣೆಗಳನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆಯ, ಕತೆ ನೆನಪಿಡಿ. ಆ ಯೋಜನೆಯ ನಿಯಮಗಳು 2014ರಲ್ಲಿ ಬಂದವು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದನ್ನೇ ನಂಬಿ ಕೊಂಡವರು ವರ್ಷಗಟ್ಟಲೆ ಕಾದರು. 2025ರ ನವೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ವ್ಯಾಪ್ತಿಗೆ ಬಿ ಖಾತಾವನ್ನು ಎ ಮಾಡಿಕೊಡುವ ಯೋಜನೆ ಶುರುವಾದಾಗ ಶುಲ್ಕ ಮಾರ್ಗಸೂಚಿ ದರದ (ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ದರದ) 5% ಎಂದಾಯಿತು. ಅಂದರೆ ದಾರಿ ತೆರೆದರೂ ಪುಕ್ಕಟೆ ಅಲ್ಲ, ಕಟ್ಟುವವರು ಆ ಹೊತ್ತಿನ ಮಾಲೀಕರು. ಹಾಗಾಗಿ ಬಿ ಖಾತಾ ಸೈಟಿನ ಬೆಲೆಯನ್ನು ಎ ಖಾತಾ ಸೈಟಿನ ಜೊತೆ ಹೋಲಿಸುವಾಗ ಈ ಶುಲ್ಕ, ಸಾಲ ಸಿಗದಿದ್ದರೆ ಹೊರಗೆ ಕಟ್ಟುವ ಬಡ್ಡಿ, ಮನೆ ಕಟ್ಟಲಾಗದೆ ಕಾಯುವ ವರ್ಷಗಳ ಬಾಡಿಗೆ ಮೂರನ್ನೂ ಕೂಡಿಸಬೇಕು. ಕೂಡಿಸಿದ ಮೇಲೂ ಅಗ್ಗ ಅನ್ನಿಸಿದರೆ ಅದು ನಿಜವಾದ ಅಗ್ಗ. ಹಾಗೆ ಅನ್ನಿಸುವುದು ಅಪರೂಪ.

ಹದಡಿ, ತೋಳಹುಣಸೆ, ದೊಡ್ಡಬಾತಿ ಕಡೆ ಪಂಚಾಯಿತಿ ಸ್ವತ್ತು ನೋಡುವವರಿಗೆ ಇದೇ ವಿಷಯ ಬೇರೆ ಹೆಸರಲ್ಲಿ ಬರುತ್ತದೆ. ಅಲ್ಲಿ ಕೇಳಬೇಕಾದದ್ದು ಪಂಚಾಯಿತಿ ಕೊಡುವ ಖಾತಾ ದಾಖಲೆಗಳಾದ ನಮೂನೆ 9 ಮತ್ತು 11ಎ. ಕೈಗೆ 11ಬಿ ಕೊಟ್ಟರೆ ಅದು ಬಿ ಖಾತಾದ ಹಳ್ಳಿ ರೂಪ ಎಂದು ತಿಳಿಯಿರಿ.

ಶುಲ್ಕ ಏರಿದ್ದರ ಬಿಸಿ ಎಲ್ಲಿ ತಟ್ಟುತ್ತದೆ

40 ಲಕ್ಷದ ಮನೆ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮುದ್ರಾಂಕ ಶುಲ್ಕ 5%, ಅಂದರೆ 2 ಲಕ್ಷ. ಅದರ ಮೇಲೆ 10% ಸೆಸ್, 20,000. ನಗರ ಪ್ರದೇಶದಲ್ಲಿ 2% ಸರ್ಚಾರ್ಜ್, 4,000. ನೋಂದಣಿ ಶುಲ್ಕ 2%, 80,000. ಒಟ್ಟು 3,04,000. ಅಂದರೆ 7.6%. ಮೊದಲು ಇದು 2,64,000 ಇತ್ತು. ಬಿಲ್ಡರ್‌ನಿಂದ ಮೊದಲ ಬಾರಿಗೆ ಕೊಳ್ಳುವ 45 ಲಕ್ಷದವರೆಗಿನ ಫ್ಲಾಟಿಗೆ ಮುದ್ರಾಂಕದಲ್ಲಿ ರಿಯಾಯಿತಿ ಇದೆ. ಆದರೆ ದಾವಣಗೆರೆಯಲ್ಲಿ ಕೈ ಬದಲಾಗುವುದು ಬಹುಪಾಲು ಸೈಟು, ಸ್ವತಂತ್ರ ಮನೆಗಳು. ಅವಕ್ಕೆ ಆ ರಿಯಾಯಿತಿ ಇಲ್ಲ.

ತಮಿಳುನಾಡಿನಲ್ಲಿ ಒಟ್ಟು 9%, ಕೇರಳದಲ್ಲಿ 10% ಇದೆ, ನಮ್ಮದು ಇನ್ನೂ ಕಮ್ಮಿ ಅನ್ನುವುದು ಏರಿಕೆಯ ಪರ ಇರುವವರ ಮಾತು. ಲೆಕ್ಕ ಸರಿ. ಆದರೆ ಕೊಳ್ಳುವವರ ಕಷ್ಟ ಶೇಕಡಾವಾರಿನಲ್ಲಿ ಇಲ್ಲ, ಈ ಹಣ ಎಲ್ಲಿಂದ ಬರಬೇಕು ಅನ್ನುವುದರಲ್ಲಿದೆ. ಮನೆಯ ಬೆಲೆಗೆ ಬ್ಯಾಂಕ್ ಸಾಲ ಕೊಡುತ್ತದೆ. ಮುದ್ರಾಂಕ, ನೋಂದಣಿ ಖರ್ಚನ್ನು ಸಾಮಾನ್ಯವಾಗಿ ಆ ಬೆಲೆಯೊಳಗೆ ಸೇರಿಸಿಕೊಳ್ಳುವುದಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲ ಮನೆ ಬೆಲೆಯ 90% ದಾಟಬಾರದು, 30ರಿಂದ 75 ಲಕ್ಷದವರೆಗಿನ ಸಾಲ 80% ದಾಟಬಾರದು. ಹಾಗಾಗಿ 40 ಲಕ್ಷದ ಮನೆಗೆ ಹೆಚ್ಚೆಂದರೆ 32 ಲಕ್ಷ ಸಾಲ. ಉಳಿದ 8 ಲಕ್ಷ, ಜೊತೆಗೆ 3.04 ಲಕ್ಷ, ಸೇರಿ 11 ಲಕ್ಷಕ್ಕೂ ಜಾಸ್ತಿ ಕೈಯಲ್ಲಿರಬೇಕು. ವಕೀಲರ ಫೀಸು, ಬ್ರೋಕರ್ ಕಮಿಷನ್, ಬ್ಯಾಂಕಿನ ಖರ್ಚು ಬೇರೆ.

"ಕಮ್ಮಿಗೆ ಬರೆಸೋಣ" ಅಂದಾಗ

ಶುಲ್ಕ ಏರಿದಷ್ಟೂ ಈ ಮಾತು ಜೋರಾಗುತ್ತದೆ. ಕ್ರಯಪತ್ರದಲ್ಲಿ ಮಾರ್ಗಸೂಚಿ ದರದ ಹತ್ತಿರ ಬರೆಸಿ, ಉಳಿದದ್ದು ನಗದು. ಇಬ್ಬರಿಗೂ ಉಳಿತಾಯ ಅಂತ ಹೇಳುತ್ತಾರೆ. ನಿಜವಾಗಿ ಉಳಿಯುವುದು ಯಾರಿಗೆ?

ಅದೇ ಮನೆಯನ್ನು 25 ಲಕ್ಷಕ್ಕೆ ಬರೆಸಿ 15 ಲಕ್ಷ ನಗದು ಕೊಟ್ಟರು ಅನ್ನೋಣ. ನೋಂದಣಿ ಖರ್ಚು 1.9 ಲಕ್ಷ ಆಗುತ್ತದೆ, ಉಳಿದದ್ದು 1.14 ಲಕ್ಷ. ಆದರೆ ಬ್ಯಾಂಕ್ ನೋಡುವುದು 25 ಲಕ್ಷವನ್ನು. ಅದರ 90% ಅಂದರೆ 22.5 ಲಕ್ಷ ಸಾಲ. ಕೈಯಿಂದ ಹಾಕಬೇಕಾದದ್ದು 15 ಲಕ್ಷ, 2.5 ಲಕ್ಷ, 1.9 ಲಕ್ಷ, ಒಟ್ಟು 19.4 ಲಕ್ಷ. ಸರಿಯಾಗಿ ಬರೆಸಿದ್ದರೆ 11.04 ಲಕ್ಷ ಸಾಕಿತ್ತು. 8.36 ಲಕ್ಷ ಜಾಸ್ತಿ ಹೊಂದಿಸಬೇಕಾಯಿತು.

ಅದನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ಕೈಸಾಲ ತಂದರೆ ತಿಂಗಳಿಗೆ 16,720 ಬಡ್ಡಿ. ಬ್ಯಾಂಕ್ ಸಾಲ 9.5 ಲಕ್ಷ ಕಮ್ಮಿ ಆದದ್ದರಿಂದ 8% ಲೆಕ್ಕದಲ್ಲಿ ಉಳಿಯುವ ಬಡ್ಡಿ ಶುರುವಿನಲ್ಲಿ ತಿಂಗಳಿಗೆ ಸುಮಾರು 6,300. ಅದನ್ನು ಕಳೆದರೂ 10,000ಕ್ಕಿಂತ ಜಾಸ್ತಿ ಹೊರೆ. ವರ್ಷ ತುಂಬುವ ಮೊದಲೇ 1.14 ಲಕ್ಷದ ಉಳಿತಾಯ ಕರಗಿ ಹೋಗುತ್ತದೆ.

ಮುಂದೆ ಮಾರುವಾಗ ಇನ್ನೊಂದು ಪೆಟ್ಟು ಕಾದಿದೆ. 2024ರ ಜುಲೈ 23ರ ನಂತರ ಕೊಂಡ ಆಸ್ತಿಗೆ ದೀರ್ಘಾವಧಿ ಲಾಭದ ಮೇಲಿನ ತೆರಿಗೆ 12.5%, ಹಣದುಬ್ಬರದ ಹೊಂದಾಣಿಕೆ ಇಲ್ಲ. ನಿಮ್ಮ ಕಾಗದದಲ್ಲಿ ಕೊಂಡ ಬೆಲೆ 15 ಲಕ್ಷ ಕಮ್ಮಿ ಇದ್ದರೆ, ಮುಂದೆ ಪೂರ್ತಿ ಬೆಲೆಗೆ ಬರೆಸುವ ದಿನ ಆ 15 ಲಕ್ಷವೂ ನಿಮ್ಮ ಲಾಭದಂತೆ ಕಾಣುತ್ತದೆ. ತೆರಿಗೆ 1,87,500, ಸೆಸ್ ಬೇರೆ. ಇವತ್ತು ಮಾರುವವರು ಉಳಿಸಿಕೊಂಡ ತೆರಿಗೆಯನ್ನು ನಾಳೆ ನೀವು ಕಟ್ಟುತ್ತೀರಿ. ಇದರ ಮೇಲೆ, ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಮತ್ತು ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧ ಇದೆ, ಸಿಕ್ಕಿಬಿದ್ದರೆ ದಂಡ ಪಡೆದ ಮೊತ್ತದಷ್ಟೇ. ವ್ಯವಹಾರ ಮುರಿದರೆ ಆ ನಗದು ಕೊಟ್ಟಿದ್ದಕ್ಕೆ ಸಾಕ್ಷಿಯೂ ಇರುವುದಿಲ್ಲ.

ಶುಲ್ಕ ತಪ್ಪಿಸಲು ಇನ್ನೊಂದು ಹಳೆಯ ದಾರಿ ಕ್ರಯಪತ್ರ ಇಲ್ಲದೆ ಜಿ.ಪಿ.ಎ. (ಮುಖ್ತ್ಯಾರ್ ಪತ್ರ) ಮತ್ತು ಕರಾರಿನ ಮೇಲೆ ಮನೆ ತೆಗೆದುಕೊಳ್ಳುವುದು. ಹೀಗೆ ಮಾಡಿದರೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ಇದರ ಬಗ್ಗೆ ಜಾಸ್ತಿ ಹೇಳುವುದೇನೂ ಉಳಿದಿಲ್ಲ.

ಬಡ್ಡಿ ಇಳಿದರೆ ಮನೆ ಅಗ್ಗವೇ?

ರಿಸರ್ವ್ ಬ್ಯಾಂಕ್ 2025ರಲ್ಲಿ ನಾಲ್ಕು ಬಾರಿ ರೆಪೊ ದರ (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) ಇಳಿಸಿ 6.5%ರಿಂದ 5.25%ಗೆ ತಂದಿತು. "ಈಗಲೇ ತಗೊಳ್ಳಿ" ಅನ್ನುವವರಿಗೆ ಇದು ಒಳ್ಳೆಯ ಮಾತಾಯಿತು. 32 ಲಕ್ಷವನ್ನು 20 ವರ್ಷಕ್ಕೆ 9%ರಲ್ಲಿ ಪಡೆದರೆ ಕಂತು ಸುಮಾರು 28,800. 8%ರಲ್ಲಿ ಸುಮಾರು 26,800. ತಿಂಗಳಿಗೆ 2,000 ಉಳಿತಾಯ, ನಿಜ.

ಆದರೆ ಬಡ್ಡಿ ನಿಮಗೊಬ್ಬರಿಗೇ ಇಳಿದಿಲ್ಲ. ನಿಮ್ಮ ಪಕ್ಕದಲ್ಲಿ ನಿಂತು ಅದೇ ಮನೆ ಕೇಳುತ್ತಿರುವವರಿಗೂ ಇಳಿದಿದೆ. ಮೊದಲಿನ ಕಂತಿನಲ್ಲೇ ಅವರಿಗೆ ಸುಮಾರು 2.4 ಲಕ್ಷ ಜಾಸ್ತಿ ಸಾಲ ಸಿಗುತ್ತದೆ. ಸೀಸನ್‌ನ ಪೈಪೋಟಿಯಲ್ಲಿ ಆ 2.4 ಲಕ್ಷ ಬೆಲೆಯೊಳಗೆ ಸೇರಿಕೊಂಡರೆ ಬಡ್ಡಿ ಇಳಿಕೆಯ ಲಾಭ ಮಾಲೀಕರ ಜೇಬಿಗೆ. ಬಡ್ಡಿ ಮುಂದೆ ಏರಬಹುದು, ಇಳಿಯಬಹುದು. ಕೊಟ್ಟ ಬೆಲೆ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಬಡ್ಡಿ ನೋಡಿ ಅವಸರ ಮಾಡುವುದರಲ್ಲಿ ಅರ್ಥ ಇಲ್ಲ.

"ಬಾಡಿಗೆ ಕಟ್ಟುವ ಬದಲು ಕಂತು ಕಟ್ಟಿ" ಅನ್ನುವುದನ್ನೂ ಒಮ್ಮೆ ಕೂಡಿಸಿ ಕಳೆದು ನೋಡಿ. 40 ಲಕ್ಷದ ಮನೆಗೆ ತಿಂಗಳಿಗೆ 10,000 ಬಾಡಿಗೆ ಬರುತ್ತದೆ ಅಂದರೆ ವರ್ಷಕ್ಕೆ 1.2 ಲಕ್ಷ, ಬೆಲೆಯ 3%. ಸ್ವಂತ ವಾಸಕ್ಕೆ ಕೊಳ್ಳುವವರಿಗೆ ನೆಮ್ಮದಿಯ ಲೆಕ್ಕವೂ ಸೇರುತ್ತದೆ, ಅದು ಬೇರೆ. ಬಾಡಿಗೆಗೆ ಬಿಡಲೆಂದೇ ಕೊಳ್ಳುವವರಿಗೆ ಮಾತ್ರ ಒಂದು ವರ್ಷ ಕಾದರೆ ಆಗುವ ನಷ್ಟ ಅವರು ಅಂದುಕೊಂಡಷ್ಟು ದೊಡ್ಡದಲ್ಲ.

ಏಪ್ರಿಲ್‌ನಲ್ಲಿ ಕಾಣದ್ದು

ಸೀಸನ್‌ನಲ್ಲಿ ಕೊಳ್ಳುವವರ ಇನ್ನೊಂದು ತೊಂದರೆ ಎಂದರೆ ಅವರು ಜಾಗ ನೋಡುವುದು ಬೇಸಿಗೆಯಲ್ಲಿ. ಶಾಮನೂರು, ಕುಂದುವಾಡ, ಬಾತಿ ಕಡೆಯ ಎಷ್ಟೋ ಬಡಾವಣೆಗಳು ಭದ್ರಾ ಕಾಲುವೆಯ ಗದ್ದೆಗಳಾಗಿದ್ದ ಜಾಗ. ಗದ್ದೆ ಅಂದರೆ ನೀರು ನಿಲ್ಲಲೆಂದೇ ಸಮ ಮಾಡಿದ ನೆಲ. ಮೇಲೆ ಒಂದು ಪದರ ಗ್ರಾವೆಲ್ ಹೊಡೆದು ಕಲ್ಲು ನೆಟ್ಟರೆ ಏಪ್ರಿಲ್‌ನಲ್ಲಿ ಎಲ್ಲ ಬಡಾವಣೆಗಳೂ ಒಂದೇ ಥರ ಚೊಕ್ಕ ಕಾಣುತ್ತವೆ. ಜುಲೈನಲ್ಲಿ, ಅಕ್ಟೋಬರ್‌ನ ಜೋರು ಮಳೆಯಲ್ಲಿ ಹೋಗಿ ನೋಡಿದರೆ ಯಾವ ರಸ್ತೆಯ ನೀರು ಯಾವ ಸೈಟಿಗೆ ಇಳಿಯುತ್ತದೆ ಅನ್ನುವುದು ಗೊತ್ತಾಗುತ್ತದೆ.

ಎರೆ ಮಣ್ಣಿನ ವಿಷಯವೂ ಇದೆ. ಎರೆ ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ತಳಪಾಯ ಗಟ್ಟಿ ಮಣ್ಣಿನವರೆಗೆ ಇಳಿಯದಿದ್ದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಮಾರಾಟಕ್ಕೆ ಮುಂಚೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಅದು ಕಾಣುವುದಿಲ್ಲ. ಹೊಸ ಬಣ್ಣದ ಹಳೆಯ ಮನೆ ನೋಡುವಾಗ ಕಪಾಟಿನ ಒಳಗೆ, ಮೆಟ್ಟಿಲ ಕೆಳಗೆ, ಕಾಂಪೌಂಡ್ ಗೋಡೆಯ ಹೊರಮೈಯಲ್ಲಿ ನೋಡಬೇಕು. ಅಲ್ಲಿ ಯಾರೂ ಬಣ್ಣ ಹೊಡೆಸಿರುವುದಿಲ್ಲ.

ಬೋರ್‌ವೆಲ್ ವಿಷಯದಲ್ಲಿ ಲೆಕ್ಕ ಉಲ್ಟಾ. ಬೇಸಿಗೆ ಬೆಳೆಗೆ ಕಾಲುವೆ ಹರಿಯುವಾಗ ಅಕ್ಕಪಕ್ಕದ ಅಂತರ್ಜಲ ಮೇಲಿರುತ್ತದೆ. ಆಗ ಮೋಟಾರ್ ಹಾಕಿ ತೋರಿಸಿದರೆ ನೀರು ಚೆನ್ನಾಗೇ ಬರುತ್ತದೆ. ಕಾಲುವೆ ನಿಂತು ಕೆಲವು ವಾರ ಕಳೆದ ಮೇಲೆ ಎಷ್ಟು ಬರುತ್ತದೆ ಅನ್ನುವುದನ್ನು ಪಕ್ಕದ ಮನೆಯವರನ್ನು ಕೇಳಬೇಕು. ಅವರಿಗೆ ಮಾರುವ ಗರಜು ಇರುವುದಿಲ್ಲ.

ಅಕ್ಕ-ತಂಗಿಯರ ಸಹಿ

ಋಣಭಾರ ಪತ್ರ, ಅಂದರೆ ಇ.ಸಿ., ತೆಗೆಸಿದರೆ ಕೆಲಸ ಮುಗಿಯಿತು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಇ.ಸಿ.ಯಲ್ಲಿ ಬರುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ನೋಂದಣಿ ಮಾಡಿಸದ ಕರಾರು, ಬಾಯಿಮಾತಿನ ಪಾಲು, ಕೋರ್ಟಿನಲ್ಲಿರುವ ದಾವೆ ಅದರಲ್ಲಿ ಕಾಣದೇ ಇರಬಹುದು. ಕಾಗದ ಒತ್ತೆ ಇಟ್ಟು ಪಡೆದ ಬ್ಯಾಂಕ್ ಸಾಲವನ್ನು ಸೆರ್ಸಾಯ್ ಎಂಬ ಕೇಂದ್ರ ದಾಖಲೆಯಲ್ಲೂ ಹುಡುಕಿಸಬೇಕು. ಮೂಲ ಜಮೀನಿನ ಪಹಣಿಯ 11ನೇ ಕಾಲಂನಲ್ಲಿ ಸೊಸೈಟಿ ಸಾಲ ಕೂತಿದೆಯೇ ನೋಡಬೇಕು.

ದಾವಣಗೆರೆ ಸುತ್ತ ಬಡಾವಣೆಯಾದ ಜಮೀನುಗಳಲ್ಲಿ ಬಹಳಷ್ಟು ಪಿತ್ರಾರ್ಜಿತ. ಅಲ್ಲಿ ತೊಡಕು ಬರುವುದು ಸಾಮಾನ್ಯವಾಗಿ ಹೆಣ್ಣುಮಕ್ಕಳ ಪಾಲಿನಿಂದ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹುಟ್ಟು ಹಕ್ಕು ಬಂತು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗಪತ್ರ ಆಗಿದ್ದರೆ ಅದಕ್ಕೆ ರಕ್ಷಣೆ ಇದೆ. ಉಳಿದ ಕಡೆ ಅಣ್ಣ-ತಮ್ಮಂದಿರು ಮಾತ್ರ ಸಹಿ ಹಾಕಿದ ಪತ್ರ ಕಂಡರೆ ನಿಲ್ಲಬೇಕು. "ಅಕ್ಕ ಮದುವೆಯಾಗಿ ಹೋಗಿದಾಳೆ, ಅವಳದ್ದೇನೂ ತಕರಾರಿಲ್ಲ" ಅನ್ನುವವರು ಅದನ್ನೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರದಲ್ಲಿ ಬರೆಸಿಕೊಡಲಿ. ತಕರಾರು ಇಲ್ಲದಿದ್ದರೆ ಸಹಿಗೂ ಕಷ್ಟ ಇರಬಾರದು ಅಲ್ವಾ?

ಇನ್ನೊಂದು, ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು. 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಎಷ್ಟೇ ವರ್ಷ ಕಳೆದರೂ ಜಮೀನು ಮರಳಿ ಕೇಳಬಹುದು ಎಂದು 2023ರ ತಿದ್ದುಪಡಿ ಹೇಳಿತು. ಅಂಥ ಹೊಲದಲ್ಲಿ ಎದ್ದ ಬಡಾವಣೆಯ ಮೂರನೇ, ನಾಲ್ಕನೇ ಖರೀದಿದಾರರಿಗೂ ಇದು ತಟ್ಟುತ್ತದೆ. 30 ವರ್ಷದ ಇ.ಸಿ. ನೋಡಿದರೂ 1970ರ ದಶಕದ ಮಂಜೂರಾತಿ ಅದರಲ್ಲಿ ಸಿಗುವುದಿಲ್ಲ. ಮೂಲ ಪಹಣಿ, ಮಂಜೂರಾತಿ ಕಡತ ತೆಗೆಸಿಯೇ ನೋಡಬೇಕು.

500 ಚದರ ಮೀಟರ್‌ಗಿಂತ ದೊಡ್ಡ ಹೊಸ ಬಡಾವಣೆ, ಎಂಟಕ್ಕಿಂತ ಹೆಚ್ಚು ಫ್ಲಾಟ್ ಇರುವ ಕಟ್ಟಡ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಆಗಿರಬೇಕು. ಅಂಥ ಕಡೆ ನೋಂದಾಯಿತ ಕರಾರು ಮಾಡದೆ 10%ಗಿಂತ ಜಾಸ್ತಿ ಹಣ ಪಡೆಯುವಂತಿಲ್ಲ. ಬ್ರೋಷರ್‌ನಲ್ಲಿರುವ ರೇರಾ ನಂಬರನ್ನು ವೆಬ್‌ಸೈಟಿನಲ್ಲಿ ಹಾಕಿ ನೋಡುವುದಕ್ಕೆ ಐದು ನಿಮಿಷ ಸಾಕು.

ಆಷಾಢವನ್ನು ಬಳಸಿಕೊಳ್ಳುವುದು

ಇಷ್ಟು ಕೆಲಸ ಸೀಸನ್‌ನ ಒಂದು ವಾರದಲ್ಲಿ ಆಗುವುದಿಲ್ಲ. ಹಾಗಾಗಿ ಹುಡುಕಾಟದ ಕಾಲವನ್ನು ಕೊಳ್ಳುವ ಕಾಲದಿಂದ ಬೇರೆ ಮಾಡುವುದೊಂದೇ ದಾರಿ. ಆಷಾಢದಲ್ಲಿ ಮುಹೂರ್ತದ ಕೆಲಸ ಬೇಡ ಅನ್ನುವವರೂ ಕಾಗದ ನೋಡಬಾರದು ಅಂತೇನೂ ಹೇಳುವುದಿಲ್ಲ. ಆ ತಿಂಗಳು ಮನೆ ನೋಡಲು ಬರುವವರು ಕಮ್ಮಿ, ಮಾತಿಗೆ ಪುರುಸೊತ್ತು ಜಾಸ್ತಿ, ಮಳೆ ಬೇರೆ ಬರುತ್ತಿರುತ್ತದೆ. ಆಗಲೂ ಮಾರಾಟಕ್ಕೆ ಇಟ್ಟಿರುವವರಿಗೆ ಸಾಮಾನ್ಯವಾಗಿ ದುಡ್ಡಿನ ಗರಜು ನಿಜವಾಗಿ ಇರುತ್ತದೆ. ಬೆಲೆ ಮಾತಾಡಲು ಅದೇ ಸಮಯ. ನಕಲುಗಳನ್ನು ವಕೀಲರ ಕೈಗೆ ಕೊಟ್ಟು, ಬ್ಯಾಂಕಿನಿಂದ ಎಷ್ಟು ಸಾಲ ಸಿಗುತ್ತದೆ ಎಂಬ ಮಂಜೂರಾತಿ ಪತ್ರ ತಂದಿಟ್ಟುಕೊಂಡರೆ, ಶ್ರಾವಣದಲ್ಲಿ ಮೂವರು ಪೈಪೋಟಿಗೆ ಬಂದರೂ ಬೇಗ ಮುಗಿಸಬಲ್ಲವರು ನೀವೇ ಆಗಿರುತ್ತೀರಿ. ಐವತ್ತು ಸಾವಿರ ಜಾಸ್ತಿ ಕೊಡುತ್ತೇನೆ ಅಂದು ಸಾಲಕ್ಕೆ ಮೂರು ತಿಂಗಳು ಓಡಾಡುವವರಿಗಿಂತ, ತಿಂಗಳಲ್ಲಿ ನೋಂದಣಿ ಮಾಡಿಸುವವರನ್ನೇ ಮಾರುವವರು ಇಷ್ಟಪಡುತ್ತಾರೆ.

ಅಡ್ವಾನ್ಸ್ ಕೊಡುವ ಕರಾರಿನಲ್ಲಿ ಎರಡು ವಿಷಯ ಬಿಟ್ಟುಹೋಗುವುದು ಸಾಮಾನ್ಯ. ಇ-ಖಾತಾ ಮಾಡಿಸಿಕೊಡುವ ಹೊಣೆ ಯಾರದ್ದು, ಯಾವ ತಾರೀಖಿನೊಳಗೆ, ಆಗದಿದ್ದರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ ಅನ್ನುವುದು ಒಂದು. ಕಾಗದದ ಕೊರತೆಯಿಂದ ಬ್ಯಾಂಕ್ ಸಾಲ ನಿರಾಕರಿಸಿದರೆ ಅದು ಕೊಳ್ಳುವವರ ತಪ್ಪಲ್ಲ, ಹಣ ಮುಟ್ಟುಗೋಲು ಇಲ್ಲ ಅನ್ನುವುದು ಇನ್ನೊಂದು. "ಮೂರು ತಿಂಗಳೊಳಗೆ ರಿಜಿಸ್ಟ್ರೇಷನ್, ತಪ್ಪಿದರೆ ಅಡ್ವಾನ್ಸ್ ಹೋಯಿತು" ಎಂದು ಅಚ್ಚು ಹಾಕಿದ ನಮೂನೆಗೆ ಸಹಿ ಮಾಡಿದರೆ, ಮಾಲೀಕರ ಖಾತಾ ತಡವಾದದ್ದಕ್ಕೂ ನೀವೇ ದಂಡ ತೆರಬೇಕಾಗಬಹುದು. ಕರಾರನ್ನು ನೋಂದಣಿ ಮಾಡಿಸಿದರೆ ಅದು ಇ.ಸಿ.ಯಲ್ಲಿ ಕಾಣುತ್ತದೆ. ಆಗ ಅದೇ ಮನೆ ತೋರಿಸಿ ಇನ್ನೊಬ್ಬರಿಂದ ಅಡ್ವಾನ್ಸ್ ಪಡೆಯುವುದು ಕಷ್ಟ. ವಕೀಲರ ಹೆಸರಲ್ಲಿ ಸ್ಥಳೀಯ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕೊಟ್ಟು ತಕರಾರು ಇದ್ದವರು 15 ದಿನದಲ್ಲಿ ತಿಳಿಸಲಿ ಎಂದರೆ, ದೂರದ ಊರಲ್ಲಿರುವ ಪಾಲುದಾರರೂ ಹೊರಬರುತ್ತಾರೆ. ಈ ಪ್ರಕಟಣೆಗೆ ಮಾಲೀಕರು ಒಪ್ಪದಿದ್ದರೆ, ಅಡ್ವಾನ್ಸ್ ಕೊಡುವ ಮೊದಲೇ ಅದು ಗೊತ್ತಾದದ್ದು ಒಳ್ಳೆಯದೇ ಆಯಿತು.